ಇಪ್ಪತ್ತೈದು ಕಿಲೋ ಅಕ್ಕಿಗೆ ಭತ್ತ ಎಷ್ಟು?

(ಗಂಗಾವತಿಯ ಓದುಗರೊಬ್ಬರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ವಯಸ್ಸು 41. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಫೇಲು. ಈಗ ಒಂಬತ್ತನೇ ತರಗತಿಯ ಮಗಳ ಜೊತೆ ಕೂತು ಬೀಜಗಣಿತ ಕಲಿಯಲು ಹೊರಟು, ಮೂರು ಸಲ ಕೈಬಿಟ್ಟಿದ್ದಾರೆ. "ಈ ವಯಸ್ಸಿನಾಗ ತಲೀಗೆ ಹತ್ತಂಗಿಲ್ಲೇನ್ರಿ? ಎಲ್ಲಿಂದ ಶುರು ಮಾಡ್ಲಿ?" ಎಂದು ಕೇಳಿ, ತಾವು ತಪ್ಪು ಮಾಡಿದ ಒಂದು ಲೆಕ್ಕದ ಹಾಳೆಯನ್ನೂ ಕಳಿಸಿದ್ದಾರೆ.)

ಆತ್ಮೀಯರೆ,

ಖಂಡಿತ ಹತ್ತುತ್ತದೆ. ನಿಮ್ಮ ಹಾಳೆಯನ್ನು ಎರಡು ಸಲ ನೋಡಿದೆ. ಒಂದು ಸಂಖ್ಯೆಯ ಮೂರನೇ ಎರಡು ಭಾಗ 25 ಆದರೆ ಆ ಸಂಖ್ಯೆ ಎಷ್ಟು ಎಂಬ ಲೆಕ್ಕ. ಸಮೀಕರಣ ಸರಿಯಾಗಿಯೇ ಬರೆದಿದ್ದೀರಿ. ಕೊನೆಗೆ ಭಾಗಿಸಬೇಕಾದಲ್ಲಿ ಗುಣಿಸಿ, ಉತ್ತರ ಹದಿನಾರು ಚಿಲ್ಲರೆ ಎಂದಿದ್ದೀರಿ. ತಪ್ಪಿದ್ದು ಭಿನ್ನರಾಶಿಯಲ್ಲಿ, ಬೀಜಗಣಿತ ನಿಮಗೆ ಆಗಲೇ ಅರ್ಧ ಬಂದಿದೆ.

ನಿಮ್ಮ ಮಿಲ್ಲಿಗೇ ಹೋಗೋಣ. 75 ಕಿಲೋ ಭತ್ತದ ಚೀಲದಿಂದ ಸುಮಾರು 50 ಕಿಲೋ ಅಕ್ಕಿ ಬರುತ್ತದೆ. ಮೂರು ಪಾಲಿನಲ್ಲಿ ಎರಡು ಪಾಲು ಅಕ್ಕಿ, ಉಳಿದದ್ದು ಹೊಟ್ಟು, ತೌಡು. 25 ಕಿಲೋ ಅಕ್ಕಿಗೆ ಭತ್ತ ಎಷ್ಟು ಬೇಕು? ಅರ್ಧ ಚೀಲ ಎಂದು ಪೆನ್ನು ಮುಟ್ಟದೆ ಹೇಳುತ್ತೀರಿ. ಅದನ್ನೇ ನಿಧಾನವಾಗಿ ಬಿಡಿಸಿ ನೋಡಿ: 25 ಎರಡು ಪಾಲು. ಒಂದು ಪಾಲು ಹನ್ನೆರಡೂವರೆ. ಮೂರು ಪಾಲು ಮೂವತ್ತೇಳೂವರೆ. ಎರಡರಿಂದ ಭಾಗಿಸಿದಿರಿ, ಮೂರರಿಂದ ಗುಣಿಸಿದಿರಿ. ಶಾಲೆಯಲ್ಲಿ "ತಿರುಗಿಸಿ ಗುಣಿಸು" ಎಂದು ಬಾಯಿಪಾಠ ಮಾಡಿಸಿದ್ದು ಇದನ್ನೇ. ಹದಿನಾರು ಕಿಲೋ ಭತ್ತದಿಂದ 25 ಕಿಲೋ ಅಕ್ಕಿ ಬರುವುದುಂಟೆ? ಪ್ರತಿ ಉತ್ತರವನ್ನೂ ಹೀಗೆ ಮಿಲ್ಲಿನ ಅಂಗಳಕ್ಕೆ ತಂದು ನೋಡಿ.

9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಗಣಿತಜ್ಞ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಎಂಬ ಗ್ರಂಥದಲ್ಲಿ ಇದೇ ಸೂತ್ರ ಹೇಳಿದ್ದಾನೆ: ಭಾಜಕದ, ಅಂದರೆ ಭಾಗಿಸುವ ಭಿನ್ನರಾಶಿಯ, ಅಂಶ (ಮೇಲಿನ ಸಂಖ್ಯೆ), ಛೇದ (ಕೆಳಗಿನ ಸಂಖ್ಯೆ) ಎರಡನ್ನೂ ಅದಲುಬದಲು ಮಾಡಿ ಗುಣಿಸು. ಅಂಥ ಪಂಡಿತನೇ ಭಿನ್ನರಾಶಿಗೆ ಒಂದು ಅಧ್ಯಾಯ ಮೀಸಲಿಟ್ಟಿರುವಾಗ, ಐದನೇ ತರಗತಿಯ ಪುಸ್ತಕ ಹಿಡಿಯಲು ನಿಮಗೇಕೆ ಸಂಕೋಚ?

ಮಗಳ ಪುಸ್ತಕ ಸದ್ಯಕ್ಕೆ ಪಕ್ಕಕ್ಕಿಡಿ. ಐದು, ಆರು, ಏಳನೇ ತರಗತಿಯ ಪಠ್ಯಪುಸ್ತಕ ತನ್ನಿ; ನೆರೆಮನೆ ಮಕ್ಕಳು ಓದಿಬಿಟ್ಟವಾದರೂ ಸಾಕು. ಮಗ್ಗಿ ಇಪ್ಪತ್ತರವರೆಗೆ ತಡವರಿಸದೆ ಬರಲಿ. ನಮ್ಮ ಅಜ್ಜನಿಗೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಯೂ ಬಾಯಲ್ಲಿತ್ತು; ಅದನ್ನು ನಾವು ಕಳೆದುಕೊಂಡದ್ದು ನನಗೆ ಇವತ್ತಿಗೂ ಸಂಕಟ. ದಿನಕ್ಕೆ ಅರ್ಧ ತಾಸು ಸಾಕು, ಕೆಲಸಕ್ಕೆ ಹೊರಡುವ ಮುಂಚೆ, ಕ್ಯಾಲ್ಕುಲೇಟರ್ ಇಲ್ಲದೆ.

ದೊಡ್ಡವರು ಎಡವುವುದು ಒಂದು ಕಡೆ. ಓದಿದಾಗ ತಿಳಿದಂತಾಗುತ್ತದೆ, ಹಾಳೆ ತಿರುವಿಬಿಡುತ್ತೇವೆ. ಅಧ್ಯಾಯ ಮುಗಿದ ಮೇಲೆ ಒಂದು ವಾರ ಬಿಟ್ಟು, ಪುಸ್ತಕ ಮುಚ್ಚಿ, ಹತ್ತು ಲೆಕ್ಕ ಮಾಡಿ. ಮಗಳು ಪಕ್ಕದಲ್ಲಿ ಕೂತು ಪ್ರತಿ ಹೆಜ್ಜೆಗೂ "ಯಾಕಪ್ಪಾ?" ಎಂದು ಕೇಳಲಿ. ಕಾರಣ ಹೇಳಲು ಬಂದರೆ ಮುಂದಿನ ಅಧ್ಯಾಯ. ತೊದಲಿದರೆ ಅದನ್ನೇ ಇನ್ನೊಮ್ಮೆ. ತಿಂಗಳುಗಳೇ ಹಿಡಿಯಲಿ, ಅವಸರ ಬೇಡ.

ಭಿನ್ನರಾಶಿ ದಾಟಿದ ಮೇಲೆ ಋಣಸಂಖ್ಯೆಗಳ ಗುಣಾಕಾರದಲ್ಲಿ ಮತ್ತೆ ತೊಡಕಾದೀತು. ಹಾಗಾದಾಗ, ಈ ಸಲದಂತೆಯೇ ತಪ್ಪಾದ ಲೆಕ್ಕವನ್ನು ಅಳಿಸದೆ, ಎಲ್ಲ ಹೆಜ್ಜೆಗಳ ಸಮೇತ ಕಳಿಸಿ.

- ಸಂಪಾದಕ