ರಾಜೀನಾಮೆ ಪತ್ರ ಬರೆಯುವ ಮೊದಲು ಈ ಲೆಕ್ಕ ಹಾಕಿ

ಪ್ರಶ್ನೆ: ನನಗೆ 53 ವರ್ಷ. ಗಿಣಿಗೇರಾ ಹತ್ತಿರದ ಕಾರ್ಖಾನೆಯೊಂದರಲ್ಲಿ 8 ವರ್ಷ 4 ತಿಂಗಳಿಂದ ಪಾಳಿ ಕೆಲಸ. ಬೇಸಿಕ್ 15,000, ಒಟ್ಟು 18,500 ರೂಪಾಯಿ. ಪಿಎಫ್, ಇಎಸ್‌ಐ ಎರಡೂ ಕಡಿತ ಆಗುತ್ತವೆ. ಅವ್ವಗೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾಳೆ. ಹೆಂಡತಿ ಹತ್ತು ಗಂಟೆಗೆ ಕೂಲಿಗೆ ಹೋದರೆ ಸಂಜೆ ಐದೂವರೆಗೆ ಬರುತ್ತಾಳೆ. ಕೆಲಸ ಬಿಟ್ಟುಬಿಡಲೇ? (ಕೊಪ್ಪಳ ತಾಲ್ಲೂಕು)

ಉತ್ತರ: ಈಗ ಬಿಡಬೇಡಿ. ಸಂಬಳದ ಜೊತೆಗೆ ಇನ್ನೂ ಏನೇನು ಹೋಗುತ್ತದೆ ನೋಡಿ. ಪಿಎಫ್ ಪಿಂಚಣಿಗೆ 10 ವರ್ಷ ಸೇವೆ ಬೇಕು. ಆರು ತಿಂಗಳು ತುಂಬಿದ ತುಂಡನ್ನು ಒಂದು ವರ್ಷವೆಂದೇ ಎಣಿಸುವುದರಿಂದ ಒಂಬತ್ತೂವರೆ ವರ್ಷ ತುಂಬಿದರೆ ಸಾಕು. ಅಂದರೆ ನಿಮಗೆ ಬಾಕಿ ಇರುವುದು 14 ತಿಂಗಳು. ಕೊನೆಯ 60 ತಿಂಗಳ ಸರಾಸರಿ ಪಿಎಫ್ ವೇತನ 15,000 ಇದ್ದರೆ, ಅದನ್ನು 10ರಿಂದ ಗುಣಿಸಿ 70ರಿಂದ ಭಾಗಿಸಿ: 58ರ ನಂತರ ತಿಂಗಳಿಗೆ ಸುಮಾರು 2,143 ರೂಪಾಯಿ. ಇಂದು ಬಿಟ್ಟು, ಫಾರ್ಮ್ 10ಸಿ ತುಂಬಿ ಪಿಂಚಣಿ ಹಣ ಎತ್ತಿಕೊಂಡರೆ ಎಂಟು ವರ್ಷದ ಸೇವೆ ಅಲ್ಲಿಗೇ ಅಳಿಸಿಹೋಗುತ್ತದೆ. ತುರ್ತಿನಲ್ಲಿ ಬಹಳ ಜನ ಮಾಡುವ ತಪ್ಪು ಇದೇ. ಬಿಡಲೇಬೇಕಾಗಿ ಬಂದರೆ ಹಣ ಎತ್ತಬೇಡಿ, ಅದೇ ಫಾರ್ಮ್‌ನಲ್ಲಿ ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಮುಂದೆ ಬೇರೆ ಕಡೆ ಸೇರಿದಾಗ ಹಳೆಯ ಸೇವೆ ಕೂಡುತ್ತದೆ. ಗ್ರಾಚ್ಯುಟಿ (ಕೆಲಸ ಬಿಡುವಾಗ ಮಾಲೀಕರು ಕೊಡುವ ಇಡಿಗಂಟು) ಮಾತ್ರ ಐದು ವರ್ಷ ದಾಟಿದ್ದರಿಂದ ಎಲ್ಲಿಗೂ ಹೋಗದು.

ಇನ್ನು ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ. ನಿಮ್ಮನ್ನೇ ನೆಚ್ಚಿರುವ ಅವ್ವನ ಆದಾಯ ತಿಂಗಳಿಗೆ 9,000 ಮೀರದಿದ್ದರೆ ಅವಳ ಚಿಕಿತ್ಸೆಯೂ ಅದರಲ್ಲೇ ಸೇರುತ್ತದೆ. ಅವಳ ಹೆಸರು ನಿಮ್ಮ ಕಾರ್ಡಿಗೆ ಸೇರಿದೆಯೇ ಇವತ್ತೇ ನೋಡಿ. ಕಾರ್ಖಾನೆ ಬಿಟ್ಟ ಕೆಲವು ತಿಂಗಳಿಗೆ ಈ ಆಸರೆ ನಿಲ್ಲುತ್ತದೆ, ಅದೂ ಔಷಧಿ ಹೆಚ್ಚು ಬೇಕಾಗುವ ಹೊತ್ತಿನಲ್ಲಿ. ಕೈಸಾಲದ ಬದಲು ಪಿಎಫ್ ಮುಂಗಡ ಕೇಳಿ: ತಂದೆ ತಾಯಿಯ ಕಾಯಿಲೆಗೂ ಸಿಗುತ್ತದೆ, ತಿರುಗಿ ಕಟ್ಟಬೇಕಿಲ್ಲ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಪಿಎಫ್ ದಾಖಲೆಗೆ ತಾಳೆಯಾಗದೆ ಅರ್ಜಿ ತಿರಸ್ಕಾರವಾಗುವುದೇ ಹೆಚ್ಚು. ಅದನ್ನು ಮೊದಲು ಸರಿಪಡಿಸಿ.

ಹೆತ್ತವರ ಆರೈಕೆಗೆಂದೇ ರಜೆ ಕೊಡುವ ಕಾನೂನು ಖಾಸಗಿ ಕಾರ್ಖಾನೆಗಳಿಗೆ ಇಲ್ಲ. ಇದು ದೊಡ್ಡ ಕೊರತೆ. ಇರುವುದು 20 ದಿನ ದುಡಿದರೆ ಒಂದು ದಿನದಂತೆ ಬರುವ ಗಳಿಕೆ ರಜೆ. ಅದನ್ನು ಮೊದಲ ವಾರದಲ್ಲೇ ಖಾಲಿ ಮಾಡದೆ ಆಸ್ಪತ್ರೆ ದಿನಗಳಿಗೆ ಉಳಿಸಿಕೊಳ್ಳಿ. ಆಸ್ಪತ್ರೆ ಚೀಟಿ ಲಗತ್ತಿಸಿ, ಆರು ತಿಂಗಳು ಕಾಯಂ ಮೊದಲ (ಬೆಳಗಿನ) ಪಾಳಿ ಬೇಕೆಂದು ಲಿಖಿತವಾಗಿ ಕೇಳಿ ಸ್ವೀಕೃತಿ ಪಡೆಯಿರಿ. ಹಗಲೆಲ್ಲ ಮನೆಯಲ್ಲಿರಬಹುದೆಂದು ರಾತ್ರಿ ಪಾಳಿ ಬೇಡಬೇಡಿ. ಹಗಲು ಆರೈಕೆಯಲ್ಲೇ ಕಳೆದು, ನಿದ್ದೆಗೆಟ್ಟು ಯಂತ್ರದ ಮುಂದೆ ನಿಲ್ಲುವುದು ಜೀವಕ್ಕೇ ಅಪಾಯ. ಮೊದಲ ಪಾಳಿ ಸಿಕ್ಕರೆ ಅವ್ವ ಒಬ್ಬಳೇ ಉಳಿಯುವುದು ಹತ್ತರಿಂದ ಎರಡೂವರೆವರೆಗೆ. ಆ ನಾಲ್ಕೂವರೆ ತಾಸಿಗಷ್ಟೇ ಓಣಿಯ ಯಾರನ್ನಾದರೂ ಸಂಬಳ ಗೊತ್ತುಮಾಡಿ ಇಟ್ಟುಕೊಳ್ಳಿ.

ಅವರಿಗೆ ಕಲಿಸಬೇಕಾದದ್ದು ಎರಡು. ಮೊದಲನೆಯದು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ಬೆನ್ನಿನ ಬುಡ, ಸೊಂಟದ ಎಲುಬು, ಹಿಮ್ಮಡಿ ನೋಡಿ: ಕೆಂಪಗೋ ಕಪ್ಪಗೋ ಆದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಣ್ಣ ಮಾಸದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಅಲ್ಲಿ ಎಣ್ಣೆ ಹಚ್ಚಿ ತಿಕ್ಕಬಾರದು, ಆ ಮಗ್ಗುಲಿಗೆ ಮಲಗಿಸಬಾರದು. ಎರಡನೆಯದು, ನೆಟ್ಟಗೆ ಕೂರಿಸಿ, ಗದ್ದ ತುಸು ಬಗ್ಗಿಸಿ, ಚಮಚದಲ್ಲಿ ಉಣಿಸುವುದು. ಉಂಡ ಮೇಲೆ ಅರ್ಧ ತಾಸು ಮಲಗಿಸಬಾರದು. ನೀರು ಕುಡಿದಾಗ ಕೆಮ್ಮು ಬಂದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು. ವೈದ್ಯರಿಗೆ ತೋರಿಸುವವರೆಗೆ ತೆಳುವಾದದ್ದು ಬೇಡ, ಗಟ್ಟಿ ಅಂಬಲಿ ಕೊಡಿ. ಗಾಳಿ ಹಾಸಿಗೆ ಇದ್ದು ಚರ್ಮ ಚೆನ್ನಾಗಿದ್ದರೆ, ವೈದ್ಯರನ್ನು ಕೇಳಿ ರಾತ್ರಿಯ ಅಂತರವನ್ನು ನಾಲ್ಕು ತಾಸಿಗೆ ಹೆಚ್ಚಿಸಬಹುದು. ನಿಮಗೂ ಒಂದಿಷ್ಟು ನಿದ್ದೆ ಆದೀತು.

ಪ್ರಶ್ನೆ: ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ, ಪೀಸಿಗಿಷ್ಟು ಎಂದು ಕೂಲಿ. ವಯಸ್ಸು 51. ಮಾವನಿಗೆ ಮರೆವು, ಸಂಜೆಯಾದರೆ ಗಲಾಟೆ, ಬಾಗಿಲು ತೆರೆದು ಹೊರಟುಬಿಡುತ್ತಾರೆ. (ಬಳ್ಳಾರಿ)

ಉತ್ತರ: ಮರೆವಿನ ಕಾಯಿಲೆಯಲ್ಲಿ ಸಂಜೆ ಚಡಪಡಿಕೆ ಹೆಚ್ಚುವುದು ಸಾಮಾನ್ಯ. ಜಿಪ್, ಸೊಂಟಪಟ್ಟಿಯಂಥ ಗಮನ ಬೇಡುವ ಹೊಲಿಗೆಯನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಿ. ಸಂಜೆ ನಾಲ್ಕರ ನಂತರ ಮಷಿನ್ ನಿಲ್ಲಿಸಿ, ಕತ್ತರಿ ಸೂಜಿ ಎತ್ತಿಟ್ಟು, ಮಡಚುವ ಕೆಲಸಕ್ಕೆ ಅವರನ್ನೂ ಕೂರಿಸಿಕೊಳ್ಳಿ. ಕತ್ತಲಾಗುವ ಮುಂಚೆಯೇ ದೀಪ ಹಾಕಿ. ಅಂಗಿಯ ಒಳಪಟ್ಟಿಗೆ ಮನೆಯ ಫೋನ್ ನಂಬರ್ ಹೊಲಿಯಿರಿ. ಅವರ ಕಣ್ಣಿಗೆ ಬೀಳದಷ್ಟು ಎತ್ತರದಲ್ಲಿ ಇನ್ನೊಂದು ಚಿಲಕ ಇರಲಿ, ಆದರೆ ಒಬ್ಬರನ್ನೇ ಒಳಗೆ ಬಿಟ್ಟು ಬೀಗ ಹಾಕಬೇಡಿ.

ಗೊಂದಲ ಒಂದೆರಡು ದಿನದಲ್ಲಿ ದಿಢೀರನೆ ಹೆಚ್ಚಿದರೆ ಅದು ಮರೆವಿನದ್ದೇ ಇರಲಿಕ್ಕಿಲ್ಲ. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ಬಳ್ಳಾರಿ ಬೇಸಿಗೆಯಲ್ಲಿ ನೀರು ಕಡಿಮೆಯಾದದ್ದು, ಏನೂ ಆಗಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಥೈರಾಯ್ಡ್, ಬಿ12 ಪರೀಕ್ಷೆ ಆಗಿರದಿದ್ದರೆ ಮಾಡಿಸಿ. ಅವುಗಳಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ. ನಿಮ್ಮದೇ ಮನಸ್ಸು ಕುಸಿದಾಗ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹೊಲಿಗೆಯ ಕಟ್ಟು ಪೂರ್ತಿ ತರದೆ ಅರ್ಧ ತಂದರೆ ಕೂಲಿ ಕಡಿಮೆಯಾದೀತು, ಗಡುವು ಮಾತ್ರ ತಪ್ಪದು. ಗಡುವು ತಪ್ಪಿದವರಿಗೆ ಮುಂದೆ ಕೆಲಸ ಸಿಗುವುದೇ ಕಷ್ಟ.

ಪ್ರಶ್ನೆ: ತಾಯಿ ನನ್ನ ಮನೆಯಲ್ಲಿದ್ದಾರೆ. ನಾನು ದುಡಿಯುವವಳು, ವಯಸ್ಸು 56. ತಮ್ಮ ಒಂದು ಪೈಸೆಯನ್ನೂ ಕೊಡುವುದಿಲ್ಲ. (ರಾಯಚೂರು)

ಉತ್ತರ: 2007ರ ಹಿರಿಯ ನಾಗರಿಕರ ಪಾಲನೆ ಕಾಯ್ದೆಯಡಿ ತಾಯಿಯೇ ಸಹಾಯಕ ಆಯುಕ್ತರ ಕಚೇರಿಯಲ್ಲಿ ಅರ್ಜಿ ಹಾಕಬಹುದು. ಅವರಿಂದಾಗದಿದ್ದರೆ ಅವರು ಒಪ್ಪಿಗೆ ಕೊಟ್ಟವರು ಹಾಕಬಹುದು. ಜಿಲ್ಲೆಯಲ್ಲಿ ಈ ಕಚೇರಿ ರಾಯಚೂರು, ಲಿಂಗಸುಗೂರು ಎರಡೂ ಕಡೆ ಇದೆ. ಕಾಯ್ದೆ ಹೇಳುವ ಗರಿಷ್ಠ ಜೀವನಾಂಶ ತಿಂಗಳಿಗೆ 10,000 ರೂಪಾಯಿ. ದಾರಿ ತೋಚದಿದ್ದರೆ ಹಿರಿಯರ ಸಹಾಯವಾಣಿ 14567 ಇದೆ. ಆಸ್ತಿಯನ್ನು ಯಾರ ಹೆಸರಿಗೆ ಮಾಡುವುದಾದರೂ, ಕೊನೆವರೆಗೆ ನೋಡಿಕೊಳ್ಳಬೇಕೆಂಬ ಷರತ್ತನ್ನು ದಾನಪತ್ರದಲ್ಲೇ ಬರೆಸಿ. ಆ ಷರತ್ತು ಮುರಿದರೆ ಪತ್ರ ರದ್ದು ಮಾಡಿಸಲು ಇದೇ ಕಾಯ್ದೆಯ 23ನೇ ಕಲಂನಲ್ಲಿ ಅವಕಾಶವಿದೆ.