ಸಮನ್ಸ್ ಬಂದಿದೆ, ತಮ್ಮ ಊರಲ್ಲಿಲ್ಲ

ಪ್ರಶ್ನೆ: ಜಾತ್ರೆಯ ಹೊಡೆದಾಟದ ಕೇಸಿನಲ್ಲಿ ತಮ್ಮನಿಂದ ಎರಡು ವರ್ಷದ ಮುಚ್ಚಳಿಕೆ ಬರೆಸಿಕೊಂಡು ಕೋರ್ಟು ಬಿಟ್ಟಿತ್ತು. ತಿಂಗಳಿಗೊಮ್ಮೆ ಪ್ರೊಬೇಷನ್ ಅಧಿಕಾರಿಯನ್ನು ಕಾಣಬೇಕು, ಹೇಳದೆ ಊರು ಬಿಡಬಾರದು ಅಂತ ಷರತ್ತು. ಅವನು ಗಾರೆ ಕೆಲಸಕ್ಕೆ ಗೋವಾಕ್ಕೆ ಹೋಗಿ ನಾಲ್ಕು ತಿಂಗಳಾಯಿತು. ಈಗ ಅವನಿಗೂ, ಜಾಮೀನು ನಿಂತ ಸೋದರಮಾವನಿಗೂ ಸಮನ್ಸ್ ಬಂದಿದೆ. 'ಪೆರೋಲ್ ಮುರಿದರೆ ಜೈಲೇ ಗತಿ, ಅಲ್ಲೇ ಇರಲಿ' ಅನ್ನುತ್ತಾರೆ ಊರವರು. ಏನು ಮಾಡಲಿ?
– ಹೆಸರು ಬೇಡ, ಬಾಗಲಕೋಟೆ ಜಿಲ್ಲೆ

ಸಂಪಾದಕರ ಉತ್ತರ: ಅಕ್ಕ, ಇವತ್ತೇ ಫೋನ್ ಮಾಡಿ ತಮ್ಮನನ್ನು ಕರೆಸಿಕೊಳ್ಳಿ. ನೀವು ಕಳಿಸಿದ ಸಮನ್ಸಿನ ಜೆರಾಕ್ಸ್ ನನ್ನ ಮುಂದಿದೆ. ಮಡಿಚಿ ಮಡಿಚಿ ನಡುವಿನ ಸಾಲು ಅಳಿಸಿದೆ, ಆದರೆ ತಾರೀಖು ಚೆನ್ನಾಗಿ ಕಾಣುತ್ತದೆ. ಇನ್ನೂ ಹನ್ನೊಂದು ದಿನ ಇದೆ.

ಇದು ಪೆರೋಲ್ ಅಲ್ಲ. ಪೆರೋಲ್ ಅಂದರೆ ಜೈಲಿನಲ್ಲಿರುವವರು ಕೆಲವು ದಿನ ಮನೆಗೆ ಹೋಗಿಬರಲು ಸಿಗುವ ಬಿಡುವು. ನಿಮ್ಮ ತಮ್ಮನಿಗೆ ಕೋರ್ಟು ಇನ್ನೂ ಶಿಕ್ಷೆಯನ್ನೇ ಹೇಳಿಲ್ಲ. ತಪ್ಪು ಸಾಬೀತಾದರೂ, ನೆಟ್ಟಗಿರುತ್ತಾನಾ ನೋಡೋಣ ಅಂತ 1958ರ ಪ್ರೊಬೇಷನ್ ಕಾಯ್ದೆಯಡಿ ಮನೆಗೆ ಕಳಿಸಿದೆ.

ಷರತ್ತು ಮುರಿದದ್ದು ನಿಜ ಅನ್ನಿಸಿದರೆ, ಆ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಕೋರ್ಟು ಹಳೇ ಕೇಸಿಗೇ ಶಿಕ್ಷೆ ಕೊಡಬಹುದು. ಮೊದಲ ಸಲದ ತಪ್ಪಾದರೆ, ಮುಚ್ಚಳಿಕೆ ಹಾಗೇ ಉಳಿಸಿ 50 ರೂಪಾಯಿವರೆಗೆ ದಂಡ ಹಾಕಿ ಬಿಡಲೂಬಹುದು. ಹೌದು, ಐವತ್ತೇ. ಯಾವುದು ಅನ್ನುವುದು ನ್ಯಾಯಾಧೀಶರಿಗೆ ಬಿಟ್ಟದ್ದು. ಹೊಟ್ಟೆಪಾಡಿಗೆ ಹೋದವನು ತಾನಾಗಿ ಬಂದು ಕೈಮುಗಿದು ನಿಂತರೆ ಹೇಳಿಕೊಳ್ಳಲು ಮಾತಿರುತ್ತದೆ. ಪೊಲೀಸರು ವಾರಂಟ್ ಹಿಡಿದು ಗೋವಾದಿಂದ ಕರೆತಂದರೆ ಏನಂತ ಹೇಳುತ್ತಾನೆ? 'ಅಲ್ಲೇ ಇರಲಿ' ಅನ್ನುವವರು ಯಾರೂ ಕೋರ್ಟಿಗೆ ಬರುವುದಿಲ್ಲ. ಹೋಗಿ ನಿಲ್ಲಬೇಕಾದವರು ಪಾಪ ನಿಮ್ಮ ಮಾವ.

ಇನ್ನೊಂದು ಮಾತು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಪ್ರೊಬೇಷನ್ ಮೇಲೆ ಬಿಟ್ಟವರಿಗೆ, ಶಿಕ್ಷೆಯಾದವರು ಅನ್ನುವ ಕಾರಣಕ್ಕೆ ಕಾನೂನಿನಲ್ಲಿ ಬರುವ ಅನರ್ಹತೆ ತಟ್ಟುವುದಿಲ್ಲ. 12ನೇ ಸೆಕ್ಷನ್ ಅದನ್ನು ಹೇಳುತ್ತದೆ. ಆದರೆ ಮುಂದೆ ಹಳೇ ಕೇಸಿಗೆ ಶಿಕ್ಷೆಯಾದರೆ ಈ ರಕ್ಷಣೆ ಹೋಗುತ್ತದೆ. ಇಪ್ಪತ್ತಮೂರರ ಹುಡುಗ, ಇದನ್ನು ಕಳೆದುಕೊಳ್ಳಬಾರದು ಅಲ್ವಾ?

ಬರುವಾಗ ಮೇಸ್ತ್ರಿಯಿಂದ ಕೆಲಸದ ಚೀಟಿ, ಕೂಲಿ ಜಮೆಯಾದ ಪಾಸ್‌ಬುಕ್ ತರಲಿ. ವಕೀಲರಿಗೆ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಅರ್ಹರಿಗೆ ಉಚಿತ ಕಾನೂನು ನೆರವು ಸಿಗುತ್ತದೆ.

ಗೋವಾದ ಕೆಲಸ ಬಿಡಲೇಬೇಕು ಅಂತಲೂ ಇಲ್ಲ. ಷರತ್ತು ಬದಲಿಸಲು 8ನೇ ಸೆಕ್ಷನ್‌ನಲ್ಲಿ ದಾರಿಯಿದೆ. ಆ ಅರ್ಜಿ ಹಾಕಬೇಕಾದವರು, ನಿಮ್ಮ ತಮ್ಮ ನಾಲ್ಕು ತಿಂಗಳಿಂದ ಮುಖ ತೋರಿಸದ ಅದೇ ಅಧಿಕಾರಿ. ಬಸ್ಸಿಳಿದವನು ಮೊದಲು ಅವರ ಕಚೇರಿಗೇ ಹೋಗಲಿ, ನೀವೂ ಜೊತೆಗಿರಿ.