ಸಾಕ್ಷಿಗೆ ಇದ್ದದ್ದು ಒಂದು ಕೊಕ್ಕರೆ

ನಿಮ್ಮ ಪ್ರಶ್ನೆ: ‘ಇಂಗ್ಲಿಷ್ ಕವಿ ಬೈರನ್‌ನ “ವೆನ್ ವಿ ಟೂ ಪಾರ್ಟೆಡ್” ಓದಿದೆ. ಗುಟ್ಟಾಗಿ ಪ್ರೀತಿಸಿ ಆಮೇಲೆ ನೊಂದವರ ಬಗ್ಗೆ ನಮ್ಮ ದಕ್ಷಿಣದ ಭಾಷೆಗಳಲ್ಲೂ ಹಳೆಯ ಕವಿತೆ ಇದೆಯಾ? ಇದ್ದರೆ ಒಂದನ್ನು ಬಿಡಿಸಿ ಹೇಳ್ತೀರಾ?’

ಬೇಕಾದಷ್ಟು ಇವೆ. ನನಗೆ ತಕ್ಷಣ ನೆನಪಾಗುವುದು ತಮಿಳಿನ ಸಂಗಂ ಕಾಲದ್ದು. ಕುರುಂದೊಗೈ ಎಂಬ ಸಂಕಲನದ 25ನೇ ಪದ್ಯ. ಬರೆದವರು ಕಪಿಲರ್. ಹೆಚ್ಚುಕಡಿಮೆ 1,800 ವರ್ಷ ಹಳೆಯದು, ಬರೀ ಐದು ಸಾಲು. ನನ್ನ ಕೈಲಾದಷ್ಟು ಕನ್ನಡಕ್ಕೆ ತಂದರೆ ಹೀಗಾಗುತ್ತದೆ:

ಯಾರೂ ಇರಲಿಲ್ಲ, ಅವನೊಬ್ಬನೇ, ಆ ಕಳ್ಳ.
ಅವನೇ ಸುಳ್ಳಾಡಿದರೆ ನಾನೇನು ಮಾಡಲಿ?
ನವಣೆಯ ದಂಟಿನಂಥ ಸಣ್ಣ ಹಸುರು ಕಾಲಿನ,
ಹರಿವ ನೀರಲ್ಲಿ ಆರಲ್ ಮೀನಿಗೆ ಕಾಯುತ್ತಿದ್ದ
ಕೊಕ್ಕರೆಯೂ ಇತ್ತು, ಅವನು ನನ್ನ ಕೂಡಿದ ದಿನ.

(ಆರಲ್ ಅಂದರೆ ಹಾವಿನ ಹಾಗೆ ಉದ್ದಕ್ಕಿರುವ ಒಂದು ಮೀನು.)

ಮೊದಲು ಸನ್ನಿವೇಶ ಹೇಳಿಬಿಡುತ್ತೇನೆ. ಸಂಗಂ ಕಾವ್ಯದಲ್ಲಿ ಪ್ರೇಮದ ಪದ್ಯಗಳಿಗೆ ‘ಅಗಂ’ ಅನ್ನುತ್ತಾರೆ. ಅವುಗಳಲ್ಲಿ ಪ್ರೇಮಿಗಳ ಹೆಸರು ಹೇಳುವ ಹಾಗಿಲ್ಲ, ತೊಲ್ಕಾಪ್ಪಿಯಂ ಎಂಬ ಹಳೆಯ ವ್ಯಾಕರಣದಲ್ಲೇ ಆ ಕಟ್ಟು ಇದೆ. ಹುಡುಗಿ, ಹುಡುಗ, ಗೆಳತಿ, ತಾಯಿ, ಸಾಕುತಾಯಿ, ಇಂಥವರಷ್ಟೇ ಮಾತಾಡುತ್ತಾರೆ. ಯಾರು ಯಾರಿಗೆ ಯಾವಾಗ ಹೇಳಿದ್ದು ಅಂತ ಪ್ರತಿ ಪದ್ಯಕ್ಕೂ ಒಂದು ಪುಟ್ಟ ಟಿಪ್ಪಣಿ ಇರುತ್ತದೆ. ಅದು ಆಮೇಲಿನವರು ಸೇರಿಸಿದ್ದು. ಈ ಪದ್ಯಕ್ಕೆ ಇರುವ ಟಿಪ್ಪಣಿ ಇದು: ಹುಡುಗ ಮದುವೆ ಮುಂದೂಡುತ್ತಿದ್ದಾಗ ಹುಡುಗಿ ಗೆಳತಿಗೆ ಹೇಳಿದ್ದು.

ಅಂದರೆ ಅವನು ಇನ್ನೂ ಕೈಬಿಟ್ಟಿಲ್ಲ. ಬರುತ್ತೇನೆ ಅಂದವನು ಬಂದೂ ಇಲ್ಲ. ಮುರಿದುಬಿದ್ದಿದ್ದರೆ ಅತ್ತು ಮುಗಿಸಬಹುದಿತ್ತು. ಇವಳಿಗೆ ಅದೂ ಇಲ್ಲ. ‘ಸುಳ್ಳಾಡಿದರೆ’ ಅಂತ ಇನ್ನೂ ‘ಆದರೆ’ಯಲ್ಲೇ ನಿಂತಿದ್ದಾಳೆ.

ಮೊದಲ ಸಾಲು ನೋಡಿ. ಆ ದಿನ ಅಲ್ಲಿದ್ದವನು ಅವನೊಬ್ಬನೇ. ಆದ್ದರಿಂದ ನಡೆದದ್ದನ್ನು ಹೌದು ಅನ್ನಬಲ್ಲವನೂ ಅವನೊಬ್ಬನೇ. ಅವನನ್ನೇ ಅವಳು ಕಳ್ಳ ಅನ್ನುತ್ತಾಳೆ. ಕಳ್ಳನೂ ಅವನೇ, ಸಾಕ್ಷಿಯೂ ಅವನೇ. ಇಂಥ ದೂರನ್ನು ಯಾವ ಪಂಚಾಯ್ತಿಯಲ್ಲಿ ಹೇಳುವುದು? ನನ್ನ ಮಟ್ಟಿಗೆ ಇಡೀ ಪದ್ಯದ ಸಂಕಟ ಇದೇ. ಅವನು ಪ್ರೀತಿಸಿದನೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಗುಟ್ಟಿನ ಪ್ರೀತಿಯಲ್ಲಿ ಒಬ್ಬರು ‘ಹಾಗೇನೂ ಆಗಲೇ ಇಲ್ಲ’ ಅಂದುಬಿಟ್ಟರೆ ಇನ್ನೊಬ್ಬರ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಆಮೇಲೆ ಅವಳಿಗೆ ನೆನಪಾಗುತ್ತದೆ, ಇನ್ನೊಬ್ಬರು ಇದ್ದರಲ್ಲ! ಒಂದು ಕೊಕ್ಕರೆ.

ಇಲ್ಲಿ ಕಪಿಲರ್ ಮಾಡಿದ ಕೆಲಸ ನೋಡಬೇಕು. ಐದು ಸಾಲಿನ ಪದ್ಯದಲ್ಲಿ ಹೆಚ್ಚುಕಡಿಮೆ ಅರ್ಧ ಜಾಗ ಹಕ್ಕಿಗೇ ಹೋಗಿದೆ. ಹುಡುಗ ಹೇಗಿದ್ದ? ಒಂದು ಮಾತಿಲ್ಲ. ಏನು ಆಣೆ ಮಾಡಿದ? ಅದೂ ಇಲ್ಲ. ಹಕ್ಕಿಯ ಕಾಲು ಎಷ್ಟು ಸಣ್ಣ, ಏನು ಬಣ್ಣ, ಯಾವ ಮೀನಿಗೆ ಕಾಯುತ್ತಿತ್ತು ಅನ್ನುವುದೆಲ್ಲ ಅವಳಿಗೆ ಚೆನ್ನಾಗಿ ನೆನಪಿದೆ. ಆ ದಿನವನ್ನು ಅವಳು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿಸಿ ನೋಡಿರಬೇಕು ಅಂತ ಇದರಿಂದಲೇ ಗೊತ್ತಾಗುತ್ತದೆ. ಅಷ್ಟು ಹುಡುಕಿ ಸಿಕ್ಕ ಸಾಕ್ಷಿಯಾದರೂ ಎಂಥದ್ದು? ಅದಕ್ಕೆ ಮಾತು ಬರುವುದಿಲ್ಲ, ಸಾಲದ್ದಕ್ಕೆ ಅದರ ಕಣ್ಣೆಲ್ಲ ನೀರಿನ ಮೇಲೆ. ಇವರ ಕಡೆ ತಿರುಗಿಯಾದರೂ ನೋಡಿತ್ತೋ ಇಲ್ಲವೋ.

ನವಣೆಯೂ ಸುಮ್ನೆ ಬಂದಿಲ್ಲ. ಇದು ಕುರಿಂಜಿಯ, ಅಂದರೆ ಬೆಟ್ಟಸೀಮೆಯ ಪದ್ಯ. ಇಂಥ ಪದ್ಯಗಳ ಹುಡುಗಿಯರು ನವಣೆ ಹೊಲದಲ್ಲಿ ಗಿಳಿ ಓಡಿಸಲು ಕಾವಲಿರುತ್ತಾರೆ. ಪ್ರೇಮಿಗಳು ಕದ್ದು ಭೇಟಿಯಾಗುವುದು ಅಲ್ಲೇ. ತೆನೆ ಕೊಯ್ದರೆ ಕಾವಲಿನ ನೆಪ ಮುಗಿಯಿತು, ಹುಡುಗಿ ಮನೆಯೊಳಗೆ. ಹಕ್ಕಿಯ ಕಾಲು ನೋಡಿದಾಗ ಅವಳಿಗೆ ನವಣೆಯ ದಂಟು ನೆನಪಾಗುವುದು ಸಹಜ, ಅವಳ ಲೋಕವೇ ಅದು. ಓದುವವರಿಗೆ ಮಾತ್ರ ಆ ದಂಟಿನ ಜೊತೆ ಕೊಯ್ಲೂ ನೆನಪಾಗುತ್ತದೆ.

ಮೀನಿಗೆ ಹೊಂಚು ಹಾಕಿದ ಕೊಕ್ಕರೆಯೇ ಆ ಹುಡುಗ, ಮೀನು ಅಂದರೆ ಹುಡುಗಿ ಅಂತಲೂ ಓದಬಹುದು. ‘ಬಕಧ್ಯಾನ’ ಗೊತ್ತಿರುವ ನಮಗೆ ಅದು ಬೇಗ ಹೊಳೆಯುತ್ತದೆ. ಸಂಗಂ ಪದ್ಯಗಳಲ್ಲಿ ಪ್ರಾಣಿ, ಪಕ್ಷಿಯ ವರ್ಣನೆಯೊಳಗೆ ಮನುಷ್ಯರ ಕತೆ ಅಡಗಿಸುವ ಪದ್ಧತಿ ಇರುವುದೂ ನಿಜ. ಆದರೂ ನನಗೆ ಆ ಅರ್ಥ ಅಷ್ಟು ರುಚಿಸುವುದಿಲ್ಲ. ಹಾಗೆ ಓದಿದರೆ ಅವನು ಮೋಸಗಾರ ಅಂತ ತೀರ್ಪು ಕೊಟ್ಟ ಹಾಗಾಯಿತು. ಅವಳಿಗೇ ಇನ್ನೂ ಗೊತ್ತಿಲ್ಲದ್ದನ್ನು ನಾವು ತೀರ್ಮಾನಿಸುವುದು ಸರಿಯಲ್ಲ, ಅಲ್ವಾ?

ಸಾಲುಗಳ ಜೋಡಣೆಯನ್ನೂ ಗಮನಿಸಿ. ಮೂಲದಲ್ಲೂ ‘ಅವನು ಕೂಡಿದ ದಿನ’ ಅನ್ನುವುದು ಬರುವುದು ಕಟ್ಟಕಡೆಗೆ. ಯಾರಿದ್ದರು, ಏನು ಭಯ, ಹಕ್ಕಿ, ಕಾಲು, ಮೀನು ಎಲ್ಲ ಹೇಳಿ, ಇನ್ನು ತಡೆಯಲಾರದೆ ಆ ಮಾತಿಗೆ ಬರುತ್ತಾಳೆ. ಕನ್ನಡದ ವಾಕ್ಯವೂ ಹಾಗೇ ಸಾಗುವುದರಿಂದ ನಮಗೆ ಈ ವರಸೆ ಸುಲಭವಾಗಿ ಸಿಗುತ್ತದೆ.

ಶಕುಂತಲೆಯನ್ನು ಪಕ್ಕದಲ್ಲಿಟ್ಟು ನೋಡಿ. ಅವಳದ್ದೂ ಕಾಡಿನಲ್ಲಿ ಯಾರಿಗೂ ತಿಳಿಯದೆ ನಡೆದ ಮದುವೆ. ಕಾಳಿದಾಸ ಅವಳ ಕೈಗೆ ಉಂಗುರ ಕೊಟ್ಟ. ಮಹಾಭಾರತದ ಶಕುಂತಲೆಗೆ ಉಂಗುರವಿಲ್ಲ. ಅಲ್ಲಿ ದುಷ್ಯಂತ ಎಲ್ಲ ನೆನಪಿದ್ದೂ ಸಭೆಯಲ್ಲಿ ‘ನೀನು ಯಾರೋ’ ಅನ್ನುತ್ತಾನೆ. ಕೊನೆಗೆ ಅಶರೀರವಾಣಿ ಬಂದು ಅವಳ ಪರ ಸಾಕ್ಷಿ ಹೇಳಬೇಕಾಗುತ್ತದೆ. ಕಪಿಲರ್ ಈ ಹುಡುಗಿಗೆ ಉಂಗುರವನ್ನೂ ಕೊಡಲಿಲ್ಲ, ಆಕಾಶದಿಂದ ದನಿಯನ್ನೂ ತರಿಸಲಿಲ್ಲ.

ಅವಳಿಗೆ ಉಳಿದಿರುವುದು ಗೆಳತಿ ಒಬ್ಬಳೇ. ಇದನ್ನು ಎಷ್ಟೋ ಜನ ಗಮನಿಸದೆ ದಾಟಿಬಿಡುತ್ತಾರೆ. ‘ಯಾರೂ ಇರಲಿಲ್ಲ’ ಅನ್ನುವ ಮಾತನ್ನು ಅವಳು ಒಬ್ಬಳ ಮುಂದೆ ಹೇಳುತ್ತಿದ್ದಾಳೆ. ಹೇಳಿದ ಮೇಲೆ ಆ ಗುಟ್ಟು ಇಬ್ಬರದೇ ಆಗಿ ಉಳಿಯುವುದಿಲ್ಲ. ಸಂಗಂ ಕಾವ್ಯದ ಗೆಳತಿ ಬರೀ ಕಣ್ಣೀರು ಒರೆಸುವವಳಲ್ಲ. ಹುಡುಗ ಬಂದರೆ ತಡೆದು ನಿಲ್ಲಿಸಿ ‘ಮದುವೆ ಯಾವಾಗ?’ ಅಂತ ಕೇಳುತ್ತಾಳೆ. ಬೇಕಾದರೆ ಸಾಕುತಾಯಿಯ ಕಿವಿಗೂ ಸುದ್ದಿ ಮುಟ್ಟಿಸುತ್ತಾಳೆ. ಕಪಿಲರೇ ಬರೆದ ಕುರಿಂಜಿಪ್ಪಾಟ್ಟು ಎಂಬ ದೊಡ್ಡ ಪದ್ಯದಲ್ಲಿ ಗೆಳತಿ ಮಾಡುವುದು ಅದನ್ನೇ. ಹಾಗಾಗಿ ಈ ಐದು ಸಾಲು ಬರೀ ಅಳಲು ಅಂತ ನನಗೆ ಅನ್ನಿಸುವುದಿಲ್ಲ. ದಿಕ್ಕು ತೋಚದ ಹುಡುಗಿ ತನ್ನ ಕಡೆಗೆ ಒಬ್ಬ ಸಾಕ್ಷಿಯನ್ನು ಸೇರಿಸಿಕೊಳ್ಳುತ್ತಿದ್ದಾಳೆ.

ಇಷ್ಟಾದ ಮೇಲೆ ಬೈರನ್‌ಗೆ ಬರೋಣ. ಅವನ ಕವಿತೆ ಅಚ್ಚಾದದ್ದು 1816ರಲ್ಲಿ. ಯಾರನ್ನು ಕುರಿತದ್ದು ಅಂತ ತಿಳಿಯಬಾರದೆಂದು ಬರೆದ ವರ್ಷ 1808 ಅಂತ ಸುಳ್ಳು ಹಾಕಿದ. ಫ್ರಾನ್ಸಿಸ್ ವೆಬ್‌ಸ್ಟರ್ ಎಂಬ ಮದುವೆಯಾಗಿದ್ದ ಹೆಣ್ಣಿನ ಬಗ್ಗೆ ಬರೆದದ್ದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಕವಿತೆಯಲ್ಲಿ ಜನ ಅವಳ ಹೆಸರೆತ್ತಿ ಆಡಿಕೊಳ್ಳುತ್ತಾರೆ. ಇವನಿಗೂ ಅವಳಿಗೂ ಏನಿತ್ತು ಅಂತ ಅವರಿಗೆ ಗೊತ್ತಿಲ್ಲ, ಇವನು ಒಳಗೊಳಗೇ ಕುದಿಯುತ್ತಾನೆ. ಒಳ್ಳೆಯ ಕವಿತೆ, ಆ ಗಿಡ್ಡ ಸಾಲುಗಳಲ್ಲಿ ಗಂಟಲು ಕಟ್ಟಿದವನ ಮಾತಿನ ಹಾಗೆ ತಡೆತಡೆದು ಬರುವ ಲಯವಿದೆ. ಆದರೆ ಗುಟ್ಟು ಅಲ್ಲಿ ಅವನನ್ನು ಕಾಪಾಡುತ್ತಿದೆ. ಹೆಸರು ಕೆಟ್ಟದ್ದು ಅವಳದ್ದು. ಆ ಅವಮಾನದಲ್ಲಿ ತನಗೂ ಪಾಲಿದೆ ಅನ್ನುತ್ತಾನೆ, ನಿಜ. ಅದು ಯಾರಿಗೂ ಕಾಣದ ಪಾಲು. ‘ಮೌನ ಮತ್ತು ಕಣ್ಣೀರು’ ಅಂತ ಕವಿತೆ ಮುಗಿಸಲು ಅವನಿಗೆ ಸಾಧ್ಯ. ಬೆಟ್ಟದ ಹುಡುಗಿ ಸುಮ್ಮನಿದ್ದರೆ ಅವಳ ಬದುಕೇ ಹೋಯಿತು. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಯೋಚನೆಯೇ ಮಾಡದೆ ಕಪಿಲರ್ ಕಡೆ ಹೋಗುತ್ತೇನೆ.

ಇಂಗ್ಲಿಷಿನಲ್ಲಿ ಓದುವುದಾದರೆ ನಮ್ಮ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರ 1967ರ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ ಹುಡುಕಿ, ಈ ಪದ್ಯ ಅದರಲ್ಲಿದೆ. ಅದೇ ಪುಸ್ತಕದಲ್ಲಿ ಕುರುಂದೊಗೈಯ 40ನೇ ಪದ್ಯವೂ ಸಿಗುತ್ತದೆ. ಕೆಂಪು ಮಣ್ಣಿಗೆ ಬಿದ್ದ ಮಳೆನೀರಿನ ಹಾಗೆ ನಮ್ಮ ಮನಸ್ಸುಗಳು ಬೆರೆತವು ಅನ್ನುವ ಪದ್ಯ ಅದು. ಈಗ ಮದುವೆ ಪತ್ರಿಕೆಗೆ ಹಾಕುವಷ್ಟು ಪ್ರಸಿದ್ಧ. ಅದರ ಟಿಪ್ಪಣಿ ಓದುವವರು ಮಾತ್ರ ಕಡಿಮೆ: ಮೊದಲ ಸಲ ಕೂಡಿದ ಮೇಲೆ, ಇವನು ಬಿಟ್ಟುಹೋಗುತ್ತಾನೇನೋ ಅಂತ ಹೆದರಿದ ಹುಡುಗಿಗೆ ಹುಡುಗ ಹೇಳಿದ್ದು. ಎರಡು ಪದ್ಯಕ್ಕೂ ನೇರ ಸಂಬಂಧ ಇಲ್ಲ, ಕವಿಗಳೂ ಬೇರೆ. ಆದರೂ ಮೊದಲು 40 ಓದಿ, ಆಮೇಲೆ 25.